ಇವತ್ತು ಯಾವ ಬಿಎಫ್‌ಸಿ ಬರುತ್ತೆ?

ಆರ್‌ಸಿಬಿ ಅಭಿಮಾನಿಯ ನೋವು ಇಡೀ ನಾಡಿಗೇ ಗೊತ್ತು. ಹದಿನೆಂಟು ವರ್ಷ ಕಾದು, ಮೀಮ್‌ಗಳಿಗೆ ಸರಕಾಗಿ, ಕೊನೆಗೂ 2025ರ ಜೂನ್‌ನಲ್ಲಿ ಕಪ್ ಕೈಗೆ ಬಂದಾಗ ಕ್ರಿಕೆಟ್ ನೋಡದವರೂ ಖುಷಿಪಟ್ಟರು. ಆದರೆ ಚಿನ್ನಸ್ವಾಮಿ ಕ್ರೀಡಾಂಗಣದಿಂದ ಕೂಗಳತೆ ದೂರದಲ್ಲಿ ಕಂಠೀರವ ಅಂತ ಇನ್ನೊಂದು ಕ್ರೀಡಾಂಗಣವಿದೆ. ಅಲ್ಲಿ ನೀಲಿ ಜೆರ್ಸಿ ಹಾಕಿಕೊಂಡು ಗಂಟಲು ಹರಿಯುವಂತೆ ಕೂಗುವ ನಮ್ಮಂಥ ಕೆಲವು ಸಾವಿರ ಮಂದಿ ಇದ್ದೇವೆ. ಬೆಂಗಳೂರು ಎಫ್‌ಸಿ ಅಭಿಮಾನಿಗಳು. ನಮ್ಮ ನೋವು ಪಿ.ಜಿ.ಯ ಪಕ್ಕದ ರೂಮಿನವನಿಗೂ ಗೊತ್ತಿಲ್ಲ.

ನಮ್ಮ ಕಷ್ಟವೇ ಬೇರೆ. ಅವರಿಗೆ ಕಪ್ ಕೊನೆಗೆ ಬಂತು, ನಮಗೆ ಮೊದಲೇ ಬಂದುಬಿಟ್ಟಿತು. 2013ರಲ್ಲಿ ಹುಟ್ಟಿದ ಕ್ಲಬ್ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2015-16ರಲ್ಲಿ ಮತ್ತೊಮ್ಮೆ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. 2017ರಲ್ಲಿ ಇಂಡಿಯನ್ ಸೂಪರ್ ಲೀಗ್‌ಗೆ ಬಂದ ಮೊದಲ ಸಲವೇ ಫೈನಲ್, ಎರಡನೇ ಸಲ ಚಾಂಪಿಯನ್. ಇಂಥ ಮನೆಯಲ್ಲಿ ಹುಟ್ಟಿದ ಮಗುವಿಗೆ ಹಸಿವು ಅಂದರೇನು ಅಂತ ಗೊತ್ತಿರುವುದಿಲ್ಲ. ನಮಗೂ ಗೊತ್ತಿರಲಿಲ್ಲ.

ನಾನು ಪಿಯುಸಿ ಮುಗಿಸಿ ಹಾವೇರಿಯಿಂದ ಬೆಂಗಳೂರಿಗೆ ಬಂದಿದ್ದು 2018ರಲ್ಲಿ. ಊರಲ್ಲಿ ಕಬಡ್ಡಿ, ಕ್ರಿಕೆಟ್ ಬಿಟ್ಟರೆ ಬೇರೆ ಆಟ ನೋಡಿದವನಲ್ಲ. ಹಾಸ್ಟೆಲ್‌ನಲ್ಲಿ ಕೇರಳದ ಒಬ್ಬ, ಮಣಿಪುರದ ಒಬ್ಬ, ಧಾರವಾಡದ ಒಬ್ಬ ಸೇರಿ ನನ್ನನ್ನು ಕಂಠೀರವಕ್ಕೆ ಎಳೆದುಕೊಂಡು ಹೋದರು. ಪಶ್ಚಿಮದ ಸ್ಟ್ಯಾಂಡ್‌ನಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನುವ ಅಭಿಮಾನಿ ಬಳಗ ತೊಂಬತ್ತು ನಿಮಿಷವೂ ಕೂರದೆ ಡ್ರಮ್ ಬಾರಿಸಿ ಹಾಡುವುದನ್ನು ನೋಡಿ ದಂಗಾದೆ. ಅದೇ ಸೀಸನ್, 2019ರ ಮಾರ್ಚ್‌ನಲ್ಲಿ, ಮುಂಬೈನಲ್ಲಿ ಗೋವಾ ವಿರುದ್ಧದ ಫೈನಲ್. ಹೆಚ್ಚುವರಿ ಅವಧಿ ಮುಗಿಯಲು ಕೆಲವೇ ನಿಮಿಷ ಇರುವಾಗ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲಿನಿಂದ 1-0 ಗೆಲುವು. ಹಾಸ್ಟೆಲ್ ಟಿ.ವಿ. ಹಾಲ್‌ನಲ್ಲಿ ಕುರ್ಚಿಗಳು ಉರುಳಿದವು. ಪ್ರತಿ ವರ್ಷ ಹೀಗೇ ಇರುತ್ತದೆ ಅಂದುಕೊಳ್ಳದೆ ಇನ್ನೇನು?

ಏಣಿ ಮತ್ತು ಹಾವು

ಆಮೇಲೆ ಶುರುವಾಯಿತು ನೋಡಿ ಹಾವು ಏಣಿ ಆಟ. 2020-21ರಲ್ಲಿ ಏಳನೇ ಸ್ಥಾನ. ಮರುವರ್ಷ ಆರನೇ ಸ್ಥಾನ. ಕೋವಿಡ್ ಕಾರಣ ಆ ಎರಡೂ ವರ್ಷ ಪಂದ್ಯಗಳೆಲ್ಲ ಗೋವಾದಲ್ಲಿ ನಡೆದವು. ತವರಿನ ಗ್ಯಾಲರಿ ಇಲ್ಲದ್ದಕ್ಕೆ ಹೀಗಾಯಿತು ಅಂತ ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. 2022ರ ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತದಲ್ಲಿ ಡುರಾಂಡ್ ಕಪ್ ಗೆದ್ದಾಗ ‘ಹಳೆಯ ಬಿಎಫ್‌ಸಿ ವಾಪಸ್ ಬಂತು’ ಅಂತ ಸ್ಟೇಟಸ್ ಹಾಕಿಕೊಂಡೆವು. ಅದರ ಬೆನ್ನಿಗೇ ಶುರುವಾದ ಐಎಸ್‌ಎಲ್‌ನಲ್ಲಿ ಸೋಲಿನ ಮೇಲೆ ಸೋಲು. ಇನ್ನು ಆಸೆ ಬಿಡೋಣ ಅನ್ನುವಷ್ಟರಲ್ಲಿ ಲೀಗ್‌ನಲ್ಲಿ ಸತತ ಎಂಟು ಗೆಲುವು! ಫೈನಲ್ ತಲುಪಿ ಪೆನಾಲ್ಟಿಯಲ್ಲಿ ಸೋತೆವು. ಇಷ್ಟಾದ ಮೇಲೆ ಮುಂದಿನ ಸೀಸನ್ ಚೆನ್ನಾಗಿರಬೇಕಲ್ಲವೇ? 12 ತಂಡಗಳಲ್ಲಿ 10ನೇ ಸ್ಥಾನ.

ಸದಾ ಸೋಲುವ ತಂಡದ ಅಭಿಮಾನಿಗೆ ಒಂದು ಬಗೆಯ ನೆಮ್ಮದಿ ಇರುತ್ತದೆ. ನಿರೀಕ್ಷೆ ಇರುವುದಿಲ್ಲ, ಒಂದು ಡ್ರಾ ಬಂದರೂ ಹಬ್ಬ. ಸದಾ ಗೆಲ್ಲುವ ತಂಡದವರ ಮಾತು ಬಿಡಿ, ಅವರು ಪುಣ್ಯವಂತರು. ಮಧ್ಯದಲ್ಲಿ ನಮ್ಮಂಥವರದು ಪಾಡು. ಗೆದ್ದಾಗ ಪೂರ್ತಿ ಖುಷಿಪಡಲು ಭಯ, ಸೋತಾಗ ಪೂರ್ತಿ ಕೈತೊಳೆದುಕೊಳ್ಳಲು ಮನಸ್ಸಿಲ್ಲ. ಮೆಟ್ರೊ ಹತ್ತುವಾಗಲೆಲ್ಲ ಧಾರವಾಡದ ಗೆಳೆಯ ಕೇಳುವ ಪ್ರಶ್ನೆ ಒಂದೇ: ‘ಏನಲೇ, ಇವತ್ತ ಯಾವ ಬಿಎಫ್‌ಸಿ ಬರ್ತೈತಿ?’

ಆ ಜನವರಿ

2024-25ರ ಸೀಸನ್ ಈ ಪ್ರಶ್ನೆಗೆ ಹೇಳಿ ಮಾಡಿಸಿದಂತಿತ್ತು. ಮೊದಲ ಪಂದ್ಯದಲ್ಲಿ ಕ್ಲಬ್‌ನ ಯುವ ತಂಡದಿಂದ ಬಂದ ಹುಡುಗ ವಿನಿತ್ ವೆಂಕಟೇಶ್ ಗೋಲಿನಿಂದ ಈಸ್ಟ್ ಬೆಂಗಾಲ್ ವಿರುದ್ಧ ಗೆಲುವು. ಆಮೇಲೆ ಹೈದರಾಬಾದ್ ಮೇಲೆ 3-0. ಹಿಂದಿನ ವರ್ಷ ಲೀಗ್ ಶೀಲ್ಡ್ ಗೆದ್ದಿದ್ದ ಮೋಹನ್ ಬಾಗನ್ ಮೇಲೂ 3-0. ಮೊದಲ ಐದು ಪಂದ್ಯಗಳಲ್ಲಿ ಎದುರಾಳಿಗೆ ಒಂದೇ ಒಂದು ಗೋಲು ಬಿಟ್ಟುಕೊಡಲಿಲ್ಲ. ಡಿಸೆಂಬರ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಸುನಿಲ್ ಚೆಟ್ರಿ ಹ್ಯಾಟ್ರಿಕ್. ಆಗ ಅವರ ವಯಸ್ಸು 40! ನಮ್ಮ ಕೇರಳದ ಗೆಳೆಯ ಆ ರಾತ್ರಿ ಹಾಕಿಕೊಂಡಿದ್ದು ಹಳದಿ ಜೆರ್ಸಿ. ವಾಪಸ್ ಬರುವಾಗ ಅವನಿಗೆ ಟೀ ಕುಡಿಸಿ ಸಮಾಧಾನ ಮಾಡಿದವರು ನಾವೇ.

ಹೊಸ ವರ್ಷ ಬಂತು. ಜನವರಿ 4ರಿಂದ ಫೆಬ್ರುವರಿ 1ರವರೆಗೆ ಆರು ಪಂದ್ಯ. ಐದು ಸೋಲು, ಒಂದು ಡ್ರಾ. ಜಮ್‌ಶೆಡ್‌ಪುರದಲ್ಲಿ ಮುಂದಿದ್ದು 1-2ರಿಂದ ಸೋತೆವು. ಅಲ್ಲಿಯವರೆಗೆ ತವರಿನಲ್ಲಿ ಸೋಲದಿದ್ದ ತಂಡ, ಲೀಗ್‌ನಲ್ಲಿ ಕೊನೆಯ ಸ್ಥಾನ ಪಡೆದ ಮೊಹಮ್ಮಡನ್ ತಂಡಕ್ಕೆ ಕಂಠೀರವದಲ್ಲಿ 0-1ರಿಂದ ಶರಣಾಯಿತು. ಒಡಿಶಾ ವಿರುದ್ಧ 2-0 ಮುಂದಿದ್ದು 2-3. ಆ ರಾತ್ರಿ ಕಸ್ತೂರಬಾ ರಸ್ತೆಯುದ್ದಕ್ಕೂ ನಾವು ನಾಲ್ವರೂ ಮಾತಾಡಲಿಲ್ಲ. ವಿಜಯನಗರದ ಪಿ.ಜಿ. ತಲುಪಿದಾಗ ಊಟ ಮುಗಿದಿತ್ತು. ಬೆಳಿಗ್ಗೆ ಆರಕ್ಕೆ ಕೋಚಿಂಗ್ ಕ್ಲಾಸ್ ಬೇರೆ.

ಆ ತಿಂಗಳ ಫಲಿತಾಂಶಗಳನ್ನು ಆಮೇಲೆ ಒಂದು ಹಾಳೆಯಲ್ಲಿ ಬರೆದು ನೋಡಿದೆ. 1-2, 0-1, 2-3, 0-1, 2-3. ಐದು ಸೋಲು, ಐದೂ ಒಂದೇ ಗೋಲಿನ ಅಂತರದ್ದು. ಪೇಪರ್‌ನಲ್ಲಿ ‘ಬೆಂಗಳೂರು ಕಳಪೆ ಲಯ’ ಅಂತ ಬರುತ್ತದೆ. ಆದರೆ ಕಳಪೆಗೂ ಚೆನ್ನಾಗಿದ್ದುದಕ್ಕೂ ನಡುವೆ ಇದ್ದಿದ್ದು ಪ್ರತಿ ಸಲ ಒಂದು ಗೋಲು. ಕಟಾಫ್‌ಗೆ ಒಂದು ಅಂಕ ಕಡಿಮೆಯಾಗಿ ಪಟ್ಟಿಯಿಂದ ಹೊರಗೆ ಉಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗೆ ಕಾಣುವುದು ‘ಫೇಲ್’ ಮಾತ್ರ, ಎಷ್ಟರಲ್ಲಿ ತಪ್ಪಿತು ಅನ್ನುವುದು ನಮಗಷ್ಟೇ ಗೊತ್ತು.

ಒಂದೇ ಮೈದಾನ, ಅದೇ ಎದುರಾಳಿ

ಇಷ್ಟಾಗಿಯೂ ತಂಡ ಎದ್ದು ನಿಂತಿತು. ಫೆಬ್ರುವರಿಯಲ್ಲಿ ಜಮ್‌ಶೆಡ್‌ಪುರವನ್ನು 3-0ಯಿಂದ ಸೋಲಿಸಿ ಮತ್ತೆ ಹಳಿಗೆ ಬಂತು. 24 ಪಂದ್ಯಗಳಲ್ಲಿ 11 ಗೆಲುವು, 5 ಡ್ರಾ, 8 ಸೋಲು, 38 ಪಾಯಿಂಟ್. ಮೂರನೇ ಸ್ಥಾನ. ಲೀಗ್‌ನ ಕೊನೆಯ ಪಂದ್ಯ ಮಾರ್ಚ್ 11ರಂದು ಕಂಠೀರವದಲ್ಲಿ, ಮುಂಬೈ ಸಿಟಿ ವಿರುದ್ಧ. 0-2ರಿಂದ ಸೋತೆವು. ಹದಿನೆಂಟು ದಿನ ಕಳೆದು ಅದೇ ಮೈದಾನದಲ್ಲಿ ಅದೇ ಮುಂಬೈ ವಿರುದ್ಧ ಪ್ಲೇಆಫ್. 5-0 ಗೆಲುವು!

ಇದನ್ನು ಯಾವ ಲೆಕ್ಕದಲ್ಲಿ ಹೊಂದಿಸುವುದು? ಸೆಮಿಫೈನಲ್‌ನಲ್ಲಿ ಗೋವಾ ವಿರುದ್ಧ ಇಲ್ಲಿ 2-0 ಗೆದ್ದು, ಅಲ್ಲಿ ಎರಡು ಗೋಲು ಬಿಟ್ಟುಕೊಟ್ಟು, ಇನ್ನೇನು ಹೆಚ್ಚುವರಿ ಅವಧಿ ಅನ್ನುವಾಗ ಚೆಟ್ರಿ ಹೆಡರ್‌ನಿಂದ ಫೈನಲ್ ಸೇರಿದೆವು. ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಮೋಹನ್ ಬಾಗನ್ ಎದುರು ಅವರದೇ ಉಡುಗೊರೆ ಗೋಲಿನಿಂದ ಮುನ್ನಡೆ ಸಿಕ್ಕಿತು. 72ನೇ ನಿಮಿಷದಲ್ಲಿ ಪೆನಾಲ್ಟಿಯಿಂದ ಸಮ. ಹೆಚ್ಚುವರಿ ಅವಧಿಯಲ್ಲಿ ಜೇಮಿ ಮೆಕ್ಲಾರೆನ್ ಗೋಲು. 1-2. ಮತ್ತೆ ಒಂದೇ ಗೋಲು. ಐಎಸ್‌ಎಲ್‌ನಲ್ಲಿ ನಾವು ಆಡಿದ ಫೈನಲ್‌ಗಳು ನಾಲ್ಕು, ಗೆದ್ದಿದ್ದು ಒಂದು.

ಯಾಕೆ ಹೀಗೆ? ಗ್ಯಾಲರಿಯಲ್ಲಿ ಪ್ರತಿಯೊಬ್ಬನೂ ಕೋಚ್. ನನ್ನ ಲೆಕ್ಕ ಇಷ್ಟು. ಕಪ್ ಗೆದ್ದುಕೊಟ್ಟ ಕಾರ್ಲೆಸ್ ಕ್ವಾದ್ರಾತ್ 2021ರ ಜನವರಿಯಲ್ಲಿ ಹೊರಟ ಮೇಲೆ ಮಾರ್ಕೊ ಪೆಝೈವೊಲಿ ಬಂದರು, ಸೈಮನ್ ಗ್ರೇಸನ್ ಬಂದರು, 2023ರ ಡಿಸೆಂಬರ್‌ನಲ್ಲಿ ಜೆರಾರ್ಡ್ ಝರಗೋಝಾ ಬಂದರು. ಒಬ್ಬೊಬ್ಬರದು ಒಂದೊಂದು ಆಟ. ಸಿಲೆಬಸ್ ಪದೇ ಪದೇ ಬದಲಾದರೆ ರ‍್ಯಾಂಕ್ ವಿದ್ಯಾರ್ಥಿಯೂ ತಡವರಿಸುತ್ತಾನೆ. ಇನ್ನು ಮೈದಾನದಲ್ಲಿ ಏಕಕಾಲಕ್ಕೆ ನಾಲ್ವರು ವಿದೇಶಿಗರನ್ನು ಆಡಿಸಬಹುದು. ಆ ಮುಖಗಳೂ ವರ್ಷ ವರ್ಷ ಬದಲಾಗುತ್ತವೆ. ಬದಲಾಗದೆ ಉಳಿದಿದ್ದು ಒಂದೇ ಹೆಸರು, 2013ರಿಂದ ನಮ್ಮ ಜೊತೆಗಿರುವ ಚೆಟ್ರಿ. 2024-25ರ ಸೀಸನ್‌ನಲ್ಲಿ 14 ಗೋಲು ಹೊಡೆದು, ಭಾರತೀಯ ಆಟಗಾರರಲ್ಲಿ ಅತಿ ಹೆಚ್ಚು ಗೋಲು ಗಳಿಸಿದ್ದೂ ಅವರೇ. ಅದು ಅವರಿಗೆ ಹೆಮ್ಮೆ. ನಲವತ್ತು ದಾಟಿದವರ ಹೆಗಲ ಮೇಲೆ ಇಡೀ ತಂಡ ಇನ್ನೂ ಕೂತಿದೆ ಅನ್ನುವುದು ನಮಗೆ ಚಿಂತೆ. ಅವರು ಫಾರ್ಮ್‌ನಲ್ಲಿದ್ದರೆ ಬೆಂಗಳೂರು, ಇಲ್ಲದಿದ್ದರೆ ಇಲ್ಲ ಅಂತಾದರೆ ಸ್ಥಿರತೆ ಎಲ್ಲಿಂದ ಬರಬೇಕು?

ನಾಲ್ವರಲ್ಲಿ ಉಳಿದವರು

ಈ ಏರಿಳಿತದ ಬೆಲೆ ಪಾಯಿಂಟ್ ಪಟ್ಟಿಯಲ್ಲಿ ಮಾತ್ರ ಕಾಣುವುದಿಲ್ಲ, ಗ್ಯಾಲರಿಯಲ್ಲೂ ಕಾಣುತ್ತದೆ. ಮಣಿಪುರದ ಗೆಳೆಯ ಕೆಲಸ ಸಿಕ್ಕಿ ಗುರುಗ್ರಾಮಕ್ಕೆ ಹೋದ. ಕೇರಳದವನು ‘ಸಾಕು ಮಗಾ, ದುಡ್ಡು ಕೊಟ್ಟು ಬೇಜಾರು ಮಾಡ್ಕೊಳ್ಳೋದು ಯಾಕೆ’ ಅಂತ ಟಿ.ವಿ.ಗೆ ಅಂಟಿಕೊಂಡ. ಉಳಿದವರು ನಾನು ಮತ್ತು ಧಾರವಾಡದವನು. ನಾವಿಬ್ಬರೂ ಸರ್ಕಾರಿ ಪರೀಕ್ಷೆಗಳಿಗೆ ಓದುತ್ತಿದ್ದೇವೆ. ಟಿಕೆಟ್, ಮೆಟ್ರೊ, ಪಂದ್ಯ ಮುಗಿದ ಮೇಲೆ ಒಂದು ಪ್ಲೇಟ್ ಎಗ್‌ರೈಸ್ ಅಂದರೆ ನಮ್ಮ ತಿಂಗಳ ಬಜೆಟ್‌ನಲ್ಲಿ ಅದು ಸಣ್ಣ ಮೊತ್ತವಲ್ಲ. ಅಪ್ಪ ಫೋನ್‌ನಲ್ಲಿ ಕೇಳುತ್ತಾರೆ: ‘ಅವರು ಸೋತ್ರ ನಿನಗೇನಾಗತೈತಿ? ಗೆದ್ರ ನಿನಗೇನ್ ಬರತೈತಿ?’

ಅಪ್ಪನಿಗೆ ಕೊಡಲು ನನ್ನಲ್ಲಿ ಜಾಣ ಉತ್ತರವಿಲ್ಲ. ಆದರೆ ಒಂದು ಮಾತು ಗೊತ್ತು. ಓದಲು ಕೂತ ವರ್ಷಗಳಲ್ಲಿ ವಾರಕ್ಕೆ ಒಂದು ದಿನವಾದರೂ ‘ನಾನು’ ಬಿಟ್ಟು ‘ನಾವು’ ಅಂತ ಮಾತಾಡುವುದು ಅಲ್ಲಿ ಮಾತ್ರ. ಲೈಬ್ರರಿಯಲ್ಲಿ ಪಕ್ಕದವನು ನನ್ನ ಪ್ರತಿಸ್ಪರ್ಧಿ. ಕಂಠೀರವದಲ್ಲಿ ಪಕ್ಕದವನ ಹೆಸರೂ ಗೊತ್ತಿಲ್ಲ, ಗೋಲು ಬಿದ್ದರೆ ಅಪ್ಪಿಕೊಳ್ಳುತ್ತೇವೆ. ಒಡಿಶಾ ವಿರುದ್ಧ ಸೋತ ರಾತ್ರಿ ಪಕ್ಕದಲ್ಲಿದ್ದ ಐವತ್ತು ದಾಟಿದ ಹಿರಿಯರೊಬ್ಬರು ನನ್ನ ಹೆಗಲು ತಟ್ಟಿ ‘ಮುಂದಿನ್ ಮ್ಯಾಚ್‌ಗೆ ಬಾರಪ್ಪ’ ಅಂದು ಮೆಟ್ಟಿಲಿಳಿದರು. ಗೆಲ್ಲುತ್ತೇವೆ ಅಂತ ಅವರು ಹೇಳಲಿಲ್ಲ. ಬಾ ಅಂದರು ಅಷ್ಟೇ. ನಾನು ಹೋದೆ. 3-0 ಗೆದ್ದೆವು.

ಸೋಲಲಿಕ್ಕಾದರೂ ಆಟ ಬೇಕು

2025ರಲ್ಲಿ ನಮ್ಮ ಗೊಣಗಾಟಕ್ಕೂ ಕುತ್ತು ಬಂತು. ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುವ ಸಂಸ್ಥೆಯ ನಡುವಿನ ಒಪ್ಪಂದ ಆ ಡಿಸೆಂಬರ್‌ಗೆ ಮುಗಿಯುವುದಿತ್ತು. ಅದರ ನವೀಕರಣ ಇತ್ಯರ್ಥವಾಗದೆ ಜುಲೈನಲ್ಲಿ ಮುಂದಿನ ಐಎಸ್‌ಎಲ್ ಅನ್ನೇ ತಡೆಹಿಡಿಯಲಾಯಿತು. ಆಗಸ್ಟ್ ಮೊದಲ ವಾರ ನಮ್ಮ ಕ್ಲಬ್, ಲೀಗ್‌ನ ಭವಿಷ್ಯ ಸ್ಪಷ್ಟವಾಗುವವರೆಗೆ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸುವುದಾಗಿ ಪ್ರಕಟಿಸಿತು. ಯುವ ತಂಡಗಳು, ಮಕ್ಕಳ ತರಬೇತಿ ಶಾಲೆಗಳು ಮುಂದುವರಿಯುತ್ತವೆ ಎಂದಿತು. ಆಗ ವೇಳಾಪಟ್ಟಿ ಇರಲಿಲ್ಲ, ದಿನಾಂಕ ಇರಲಿಲ್ಲ.

ಅಧಿಸೂಚನೆಗಾಗಿ ಕಾಯುವುದು, ಹೊರಡಿಸಿದ ಮೇಲೆ ಮುಂದೂಡಿದ್ದಾರೆ ಅಂತ ಕೇಳುವುದು, ಇದೆಲ್ಲ ನಮ್ಮ ಪೀಳಿಗೆಗೆ ಹೊಸದಲ್ಲ. ಪರೀಕ್ಷೆ ಕಷ್ಟವಿದ್ದರೆ ಓದಬಹುದು, ಪರೀಕ್ಷೆಯೇ ಇಲ್ಲದಿದ್ದರೆ ಏನು ಮಾಡುವುದು ಅಂತ ಲೈಬ್ರರಿಯಲ್ಲಿ ದಿನಾ ಮಾತಾಡಿಕೊಳ್ಳುತ್ತೇವೆ. ಚೆಟ್ರಿಯಂಥ ಹೆಸರು ಮಾಡಿದವರ ಕತೆ ಹಾಗಿರಲಿ, ಅಕಾಡೆಮಿಯಿಂದ ಈಗಷ್ಟೇ ಮೇಲೆ ಬಂದ ಹತ್ತೊಂಬತ್ತು ಇಪ್ಪತ್ತರ ಹುಡುಗರ ಪಾಡೇನು? ನಮ್ಮ ಪೀಳಿಗೆಯವರೇ ಅವರು. ಅವರ ಕೆಲಸಕ್ಕೂ ಆಗ ‘ಮುಂದಿನ ಆದೇಶದವರೆಗೆ’ ಅನ್ನುವ ಸಾಲು ಅಂಟಿಕೊಂಡಿತು.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ಕಪ್ ಬೇಡ, ಸತತ ಎಂಟು ಗೆಲುವೂ ಬೇಡ. ಸಂಜೆ ಏಳೂವರೆಗೆ ಕಂಠೀರವದ ದೀಪ ಹೊತ್ತಿದರೆ ಸಾಕು. ಯಾವ ಬಿಎಫ್‌ಸಿ ಬಂದರೂ ನಡೆಯುತ್ತದೆ. ಒಂದು ಗೋಲಿನಿಂದ ಸೋತರೆ ದಾರಿಯುದ್ದಕ್ಕೂ ಬೈದುಕೊಂಡೇ ಮೆಟ್ರೊ ಹತ್ತುತ್ತೇವೆ. ಮುಂದಿನ ಪಂದ್ಯದ ಟಿಕೆಟ್ ಎಷ್ಟಿದೆ ಅಂತ ಧಾರವಾಡದವನು ವಿಜಯನಗರ ಬರುವಷ್ಟರಲ್ಲಿ ಫೋನ್‌ನಲ್ಲಿ ನೋಡಿರುತ್ತಾನೆ.