ಯಾವ ಊರು ದುಬಾರಿ?

ಮದುವೆಯಾಗಿ ಮಂಗಳೂರು ಸೇರಿದ ಮೇಲೂ ನಾನು ತೊಗರಿಬೇಳೆ ತರಿಸುವುದು ಕಲಬುರಗಿಯ ತವರಿನಿಂದಲೇ. ಫೋನಿನಲ್ಲಿ ಅವ್ವ ಕೇಳುತ್ತಾಳೆ: ‘ಅಲ್ಲಿ ಬ್ಯಾಳಿ ಹ್ಯಾಂಗ್ ಕಿಲೋ ಅದ?’

ಸೋಪು, ಪೇಸ್ಟುಗಳಿಗೆ ಈ ಪ್ರಶ್ನೆಯೇ ಬೇಡ. ಪೊಟ್ಟಣದ ಮೇಲೆ ಎಂಆರ್‌ಪಿ ಅಚ್ಚಾಗಿರುತ್ತದೆ. ವ್ಯತ್ಯಾಸವೆಲ್ಲ ತರಕಾರಿ, ಧಾನ್ಯ, ಮೀನು, ಬಾಡಿಗೆಯಲ್ಲಿ. ತವರಲ್ಲಿ ಚೀಲಗಟ್ಟಲೆ ಜೋಳ ಕೊಂಡು ಗಿರಣಿಗೆ ಹಾಕಿಸುತ್ತೇವೆ. ಇಲ್ಲಿ ಅದೇ ಹಿಟ್ಟು ಅಂಗಡಿಯ ಮೂಲೆಯಲ್ಲಿ ಸಣ್ಣ ಪ್ಯಾಕೆಟ್ಟಿನಲ್ಲಿದೆ, ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಬಂಗುಡೆಯದ್ದು ಇದಕ್ಕೆ ಪೂರಾ ಉಲ್ಟಾ. ರೊಟ್ಟಿ ಉಣ್ಣುವವರಿಗೆ ಮಂಗಳೂರು ದುಬಾರಿ, ಮೀನು ಉಣ್ಣುವವರಿಗೆ ಕಲಬುರಗಿ.

ಯಾವ ಊರು ದುಬಾರಿ ಎಂದು ಸರ್ಕಾರಿ ಅಂಕಿಯಲ್ಲಿ ಹುಡುಕಿದರೂ ಉತ್ತರ ಸಿಗದು. ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕವನ್ನು ದೇಶದ 88 ಕೇಂದ್ರಗಳಿಗೆ ಲೆಕ್ಕ ಹಾಕುತ್ತಾರೆ. ಆಯಾ ಊರಿನ ಕುಟುಂಬಗಳು ಯಾವುದಕ್ಕೆ ಎಷ್ಟು ಖರ್ಚು ಮಾಡುತ್ತವೆ ಎನ್ನುವುದೇ ಅದಕ್ಕೆ ಆಧಾರ. ಆದರೆ ಪ್ರತಿ ಕೇಂದ್ರದಲ್ಲೂ 2016ರ ಬೆಲೆಯನ್ನು 100 ಎಂದು ಹಿಡಿಯುತ್ತಾರೆ. ಹಾಗಾಗಿ ಬೆಂಗಳೂರಿನ ಅಂಕಿ ಮೈಸೂರಿನದಕ್ಕಿಂತ ಕಡಿಮೆಯಿದ್ದರೆ ಬೆಂಗಳೂರು ಅಗ್ಗ ಎಂದರ್ಥವಲ್ಲ, ಅಲ್ಲಿ ಬೆಲೆ ಏರಿದ ವೇಗ ಕಡಿಮೆ ಅಷ್ಟೆ. ಊರೂರಿನ ಬೆಲೆಯ ಅಂತರ ಈ ಸೂಚ್ಯಂಕದಲ್ಲಿ ಸಿಗುವುದಿಲ್ಲ.

ನನಗೆ ಸಿಟ್ಟು ಬರುವುದು ಬಾಡಿಗೆಯ ವಿಚಾರಕ್ಕೆ. ಮನೆ ಬಾಡಿಗೆ ಭತ್ಯೆಗಾಗಿ ಕೇಂದ್ರ ಸರ್ಕಾರ ಬೆಂಗಳೂರನ್ನು ಎಕ್ಸ್ ದರ್ಜೆಯಲ್ಲಿ, ಮಂಗಳೂರು, ಕಲಬುರಗಿ ಎರಡನ್ನೂ ವೈ ದರ್ಜೆಯಲ್ಲಿ ಇಟ್ಟಿದೆ. ವಿಂಗಡಣೆಗೆ ಅಳತೆ ಜನಸಂಖ್ಯೆ: 50 ಲಕ್ಷ ದಾಟಿದರೆ ಎಕ್ಸ್, 5 ಲಕ್ಷ ದಾಟಿದರೆ ವೈ. ಮನೆಗಳ ನಿಜವಾದ ಬಾಡಿಗೆಯನ್ನು ವಿಚಾರಿಸಿ ದರ್ಜೆ ಕೊಡಬೇಕಿತ್ತು.