ಮಕ್ಕಳ ಓಟಿನಿಂದ ನಡೆಯುವ ಶಾಲೆ

ಪ್ರಶ್ನೆ: ಹೆಡ್‌ಮಾಸ್ತರರೇ ಇಲ್ಲದ ಶಾಲೆಗಳಿವೆಯಂತೆ. ಅಲ್ಲಿ ತೀರ್ಮಾನ ಮಾಡುವವರು ಯಾರು?

ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 1968ರಲ್ಲಿ ಶುರುವಾದ ಸಡ್ಬರಿ ವ್ಯಾಲಿ ಶಾಲೆಯನ್ನೇ ನೋಡಿ. ಅದು ನಡೆಯುವುದು ನಮ್ಮ ಗ್ರಾಮಸಭೆಯ ಹಾಗೆ. ವಾರಕ್ಕೊಮ್ಮೆ ಶಾಲಾ ಸಭೆ. ನಾಲ್ಕು ವರ್ಷದ ಮಗುವಿಗೂ ಒಂದೇ ಓಟು, ತಲೆ ನರೆತ ಶಿಕ್ಷಕರಿಗೂ ಒಂದೇ ಓಟು. ಮಕ್ಕಳೇ ಹೆಚ್ಚಿರುವುದರಿಂದ ಬಹುಮತವೂ ಅವರದೇ!

ಯಾರಾದರೂ ನಿಯಮ ಮುರಿದರೆ? ಚೀಟಿಯಲ್ಲಿ ದೂರು ಬರೆದು ಕೊಡಬೇಕು. ಬೇರೆ ಬೇರೆ ವಯಸ್ಸಿನ ಮಕ್ಕಳಿರುವ ನ್ಯಾಯ ಸಮಿತಿ ಎರಡೂ ಕಡೆಯವರ ಮಾತು ಕೇಳಿ, ಸಾಕ್ಷಿಗಳನ್ನು ವಿಚಾರಿಸುತ್ತದೆ. ಶಿಕ್ಷಕರ ಮೇಲೂ ದೂರು ಕೊಡಬಹುದು. ತೀರ್ಪು ಒಪ್ಪಿಗೆಯಾಗದಿದ್ದರೆ ಶಾಲಾ ಸಭೆಗೆ ಮೇಲ್ಮನವಿ.

ನಿಜವಾದ ಪರೀಕ್ಷೆ ಶಿಕ್ಷಕರಿಗೇ. ಮುಂದಿನ ವರ್ಷ ಅವರು ಕೆಲಸದಲ್ಲಿ ಇರಬೇಕೇ ಬೇಡವೇ ಎಂಬುದಕ್ಕೆ ಪ್ರತಿ ವರ್ಷ ಗುಪ್ತ ಮತದಾನ ನಡೆಯುತ್ತದೆ. ಶುಲ್ಕ, ಬಜೆಟ್‌ನಂಥ ವಿಷಯಗಳಿಗೆ ಮಾತ್ರ ಪೋಷಕರೂ ಸೇರುವ ಮಹಾಸಭೆಯ ಒಪ್ಪಿಗೆ ಬೇಕು.