ಎಲ್ಡೊರೆಟ್: ಚುನಾವಣೆ ಒಡೆದ ಮನಸ್ಸುಗಳನ್ನು ಧರ್ಮಕೇಂದ್ರಗಳು ಬೆಸೆದ ಬಗೆ

ಕೆನ್ಯಾದ ಪಶ್ಚಿಮ ಭಾಗದ ಎತ್ತರದ ಬಯಲಿನಲ್ಲಿರುವ ಎಲ್ಡೊರೆಟ್ ನಗರ ಹೊರಜಗತ್ತಿಗೆ ಪರಿಚಿತವಾಗಿರುವುದು ದೂರದ ಓಟದ ಪಟುಗಳಿಂದ. ಸುತ್ತಲಿನ ಹಳ್ಳಿಗಳಲ್ಲಿ ಮುಸುಕಿನ ಜೋಳ ಮತ್ತು ಗೋಧಿಯ ಬೇಸಾಯ. ಭಾನುವಾರ ಬಂತೆಂದರೆ ಚರ್ಚುಗಳು ತುಂಬುತ್ತವೆ. ಇಂಥ ಊರಿನಲ್ಲಿ 2007ರ ಡಿಸೆಂಬರ್ ಕೊನೆಯ ವಾರ, ಒಂದು ಚುನಾವಣೆಯ ಫಲಿತಾಂಶ ಹೊರಬಿದ್ದ ಕೆಲವೇ ಗಂಟೆಗಳಲ್ಲಿ, ಅಕ್ಕಪಕ್ಕದ ಜಮೀನಿನವರು ಪರಸ್ಪರರ ವೈರಿಗಳಾದರು. ಅವರಲ್ಲಿ ಎಷ್ಟೋ ಮಂದಿ ಒಂದೇ ಧರ್ಮಕೇಂದ್ರಕ್ಕೆ ಸೇರಿದವರು, ಒಂದೇ ಪೀಠದ ಮುಂದೆ ಪ್ರಸಾದ ಸ್ವೀಕರಿಸುತ್ತಿದ್ದವರು.

ಹೀಗೆ ಒಡೆದ ಸಮುದಾಯ ಮತ್ತೆ ಒಂದೆಡೆ ಕುಳಿತು ಮಾತನಾಡಲು, ಉಣ್ಣಲು, ರಸ್ತೆ ಮತ್ತು ಶಾಲೆಗಳಿಗಾಗಿ ಜೊತೆಗೆ ದುಡಿಯಲು ಹೇಗೆ ಸಾಧ್ಯವಾಯಿತು ಎಂಬುದು ಇಂದಿಗೂ ಅಧ್ಯಯನಯೋಗ್ಯ ಸಂಗತಿ. ಚುನಾವಣೆಯ ಕಹಿ ಊರೊಳಗೆ, ಮನೆಯೊಳಗೆ ಇಳಿಯುವುದು ಯಾವ ದೇಶಕ್ಕೂ ಹೊಸತಲ್ಲ. ಅದನ್ನು ತೊಳೆಯುವ ಕೆಲಸಕ್ಕೆ ಮಾತ್ರ ಉದಾಹರಣೆಗಳು ವಿರಳ.

ಅಂದು ಆದದ್ದೇನು?

2007ರ ಡಿಸೆಂಬರ್ 27ರಂದು ಕೆನ್ಯಾದಲ್ಲಿ ಅಧ್ಯಕ್ಷೀಯ ಚುನಾವಣೆ ನಡೆಯಿತು. ಕಣದಲ್ಲಿದ್ದ ಪ್ರಮುಖರು ಅಧಿಕಾರದಲ್ಲಿದ್ದ ಮ್ವಾಯಿ ಕಿಬಾಕಿ ಮತ್ತು ವಿರೋಧ ಪಕ್ಷದ ರೈಲಾ ಒಡಿಂಗಾ. ಎಣಿಕೆಯ ಆರಂಭದಲ್ಲಿ ಒಡಿಂಗಾ ಮುಂದಿದ್ದರು. ಡಿಸೆಂಬರ್ 30ರಂದು ಚುನಾವಣಾ ಆಯೋಗ ಸುಮಾರು 2.3 ಲಕ್ಷ ಮತಗಳ ಅಂತರದಿಂದ ಕಿಬಾಕಿ ಗೆದ್ದರೆಂದು ಘೋಷಿಸಿತು. ಅದೇ ಸಂಜೆ ಅವರು ತರಾತುರಿಯಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಎಣಿಕೆಯಲ್ಲಿ ಮೋಸ ನಡೆದಿದೆ ಎಂದು ವಿರೋಧ ಪಕ್ಷ ಆರೋಪಿಸಿತು. ದಕ್ಷಿಣ ಆಫ್ರಿಕಾದ ನಿವೃತ್ತ ನ್ಯಾಯಮೂರ್ತಿ ಜೊಹಾನ್ ಕ್ರೀಗ್ಲರ್ ನೇತೃತ್ವದ ಆಯೋಗ 2008ರಲ್ಲಿ ಪರಿಶೀಲನೆ ನಡೆಸಿ, ನಿಜವಾಗಿ ಗೆದ್ದವರು ಯಾರೆಂದು ತಿಳಿಯಲು ಸಾಧ್ಯವೇ ಇಲ್ಲದಷ್ಟು ಲೆಕ್ಕ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬಂದಿತು.

ಘೋಷಣೆಯ ಬೆನ್ನಲ್ಲೇ ಹಿಂಸೆ ಭುಗಿಲೆದ್ದಿತು. ಎಲ್ಡೊರೆಟ್ ಸುತ್ತ ಒಡಿಂಗಾ ಪರವಿದ್ದ ಕಲೆಂಜಿನ್ ಸಮುದಾಯದ ಯುವಕರ ಗುಂಪುಗಳು, ಕಿಬಾಕಿಯ ಸಮುದಾಯವಾದ ಕಿಕುಯು ಜನರ ಮನೆಗಳಿಗೆ ಬೆಂಕಿ ಇಟ್ಟವು. 2008ರ ಜನವರಿ 1ರಂದು ನಗರದ ಹೊರವಲಯದ ಕಿಯಾಂಬಾದಲ್ಲಿ, ಪ್ರಾಣಭಯದಿಂದ ಜನ ಆಶ್ರಯ ಪಡೆದಿದ್ದ ಚರ್ಚಿಗೇ ಬೆಂಕಿ ಹಚ್ಚಲಾಯಿತು. ಸುಮಾರು 30 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಜನವರಿ ಅಂತ್ಯದ ಹೊತ್ತಿಗೆ ನಕುರು, ನೈವಾಷಾ ಪಟ್ಟಣಗಳಲ್ಲಿ ಕಿಕುಯು ಗುಂಪುಗಳು ಪ್ರತೀಕಾರಕ್ಕೆ ಇಳಿದವು. ನ್ಯಾಯಮೂರ್ತಿ ಫಿಲಿಪ್ ವಾಕಿ ಆಯೋಗದ ಲೆಕ್ಕದಂತೆ ದೇಶದಲ್ಲಿ ಒಟ್ಟು 1,133 ಮಂದಿ ಸತ್ತರು. ಅವರಲ್ಲಿ 405 ಮಂದಿ ಗುಂಡೇಟಿಗೆ ಬಲಿಯಾದವರು. ಲಕ್ಷಾಂತರ ಜನ ಮನೆ ತೊರೆದರು.

ಮತಪೆಟ್ಟಿಗೆಯ ಕೆಳಗಿದ್ದ ನೆಲ

ಈ ಹಿಂಸೆಗೆ ಚುನಾವಣೆ ನೆಪ. ಬೇರು ಇದ್ದದ್ದು ನೆಲದಲ್ಲಿ. ಬ್ರಿಟಿಷರ ಆಳ್ವಿಕೆಯಲ್ಲಿ ರಿಫ್ಟ್ ಕಣಿವೆಯ ಫಲವತ್ತಾದ ಎತ್ತರದ ಭೂಮಿ ಬಿಳಿಯ ವಸಾಹತುಗಾರರ ಪಾಲಾಯಿತು. ಅಲ್ಲಿ ದನ ಮೇಯಿಸಿಕೊಂಡಿದ್ದ ಸಮುದಾಯಗಳು ಹೊರದೂಡಲ್ಪಟ್ಟವು. 1963ರಲ್ಲಿ ಸ್ವಾತಂತ್ರ್ಯ ಬಂದ ನಂತರ ಬಿಳಿಯರು ಬಿಟ್ಟುಹೋದ ಜಮೀನುಗಳನ್ನು ಸರ್ಕಾರದ ಪುನರ್ವಸತಿ ಯೋಜನೆಗಳ ಮೂಲಕವೂ, ಜನರೇ ಹಣ ಕೂಡಿಸಿ ಕಟ್ಟಿಕೊಂಡ ಭೂ ಖರೀದಿ ಸಂಸ್ಥೆಗಳ ಮೂಲಕವೂ ಹಂಚಲಾಯಿತು. ಮಧ್ಯ ಕೆನ್ಯಾದಿಂದ ಬಂದ ಸಾವಿರಾರು ಕಿಕುಯು ಕುಟುಂಬಗಳು ಹೀಗೆ ಇಲ್ಲಿ ನೆಲೆಯೂರಿದವು.

ಕಿಕುಯು ರೈತನ ದೃಷ್ಟಿಯಲ್ಲಿ ಅದು ಬೆವರು ಸುರಿಸಿ, ಹಣ ಕೊಟ್ಟು ಕೊಂಡ ಜಮೀನು. ಕಲೆಂಜಿನ್ ನೆರೆಯವನ ದೃಷ್ಟಿಯಲ್ಲಿ ಅದು ತನ್ನ ಅಜ್ಜನಿಂದ ಕಸಿದು, ತನಗೆ ಮರಳದೆ ಹೋದ ಭೂಮಿ. ಎರಡೂ ಮಾತಿನಲ್ಲಿ ಸತ್ಯವಿದೆ ಎಂಬುದೇ ಸಮಸ್ಯೆಯ ತಿರುಳು. ಬಹುಪಕ್ಷ ಚುನಾವಣೆಗಳು ಮರಳಿದ 1992ರಲ್ಲಿ, ನಂತರ 1997ರಲ್ಲಿ ರಾಜಕಾರಣಿಗಳು ಇದೇ ಗಾಯವನ್ನು ಕೆದಕಿದ್ದರು. ಎಲ್ಡೊರೆಟ್ ಸಮೀಪದ ಬರ್ನ್ಟ್ ಫಾರೆಸ್ಟ್ ಪ್ರದೇಶದ ಕುಟುಂಬಗಳು ಮತ್ತೆ ಮತ್ತೆ ಮನೆ ಕಟ್ಟಿ, ಮತ್ತೆ ಮತ್ತೆ ಓಡಬೇಕಾಯಿತು.

ಚರ್ಚೂ ಹೊರತಾಗಿರಲಿಲ್ಲ

ಕೆನ್ಯಾದ ಜನರಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಮಂದಿ ಕ್ರೈಸ್ತರು. ಹೀಗಿರುವಾಗ ಚರ್ಚು ಒಡಕಿಗೆ ತಡೆಯಾಗಬೇಕಿತ್ತು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ 2007ರಲ್ಲಿ ಆದದ್ದು ಬೇರೆ. ಪ್ರಾದೇಶಿಕ ಸ್ವಾಯತ್ತತೆಯ 'ಮಜಿಂಬೊ' ವಿಚಾರ ಚುನಾವಣೆಯ ಪ್ರಮುಖ ವಿವಾದವಾಗಿತ್ತು. ಈ ಕುರಿತು ಧರ್ಮಗುರುಗಳ ನಿಲುವುಗಳು ಬಹಿರಂಗವಾಗಿಯೇ ಬೇರೆಯಾದವು. ಯಾರ ನಿಲುವು ಏನೆಂಬುದನ್ನು ಬಹುಮಟ್ಟಿಗೆ ಅವರ ಸಮುದಾಯ ಮತ್ತು ಪ್ರದೇಶ ನೋಡಿಯೇ ಊಹಿಸಬಹುದಿತ್ತು. ಪ್ರೊಟೆಸ್ಟೆಂಟ್ ಸಭೆಗಳ ಒಕ್ಕೂಟವಾದ ಕೆನ್ಯಾ ರಾಷ್ಟ್ರೀಯ ಚರ್ಚುಗಳ ಮಂಡಳಿ 2008ರ ಫೆಬ್ರವರಿಯಲ್ಲಿ, ತಾವು ಪಕ್ಷಪಾತಿಗಳಾಗಿದ್ದೆವೆಂದು ಒಪ್ಪಿಕೊಂಡು ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿತು.

ಭಕ್ತರ ಮಟ್ಟದಲ್ಲಿ ಇದರ ಪರಿಣಾಮ ಗಂಭೀರವಾಗಿತ್ತು. ಪೂರ್ವ ಆಫ್ರಿಕಾದ ಕಥೋಲಿಕ ಧರ್ಮಕೇಂದ್ರಗಳು 1970ರ ದಶಕದಿಂದ 'ಜುಮುಯಿಯಾ' ಎಂಬ ಕಿರು ಸಮುದಾಯಗಳಾಗಿ ಸಂಘಟಿತವಾಗಿವೆ. ನೆರೆಹೊರೆಯ ಕುಟುಂಬಗಳು ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ ಪ್ರಾರ್ಥಿಸುವುದು, ರೋಗಿಗಳನ್ನು ಕಾಣುವುದು, ಸಾವು ನೋವಿಗೆ ಒದಗುವುದು ಇದರ ಪದ್ಧತಿ. ನೆರೆಹೊರೆಯೇ ಒಡೆದ ಮೇಲೆ ಈ ಪದ್ಧತಿಯ ಬುಡವೇ ಅಲುಗಿತು. ಪ್ರಾರ್ಥನೆಗೆ ಯಾರ ಮನೆಗೆ ಹೋಗುವುದು ಎಂಬ ಪ್ರಶ್ನೆ ಯಾವ ಪಕ್ಷಕ್ಕೆ ಸೇರಿದವರು ಎಂಬ ಪ್ರಶ್ನೆಯಾಗಿ ಮಾರ್ಪಟ್ಟಿತು.

ಪ್ರಧಾನಾಲಯದ ಆವರಣ

ಇಂಥ ಹೊತ್ತಿನಲ್ಲಿ ಎಲ್ಡೊರೆಟ್ ಧರ್ಮಪ್ರಾಂತದ ಧರ್ಮಾಧ್ಯಕ್ಷರಾಗಿದ್ದವರು ಕೊರ್ನೆಲಿಯಸ್ ಕೊರಿರ್. 1950ರಲ್ಲಿ ಜನಿಸಿ, 1990ರಿಂದ ಈ ಪೀಠದಲ್ಲಿದ್ದ ಅವರು ಸ್ವತಃ ಕಲೆಂಜಿನ್ ಸಮುದಾಯದವರು. ಹಿಂಸೆ ಆರಂಭವಾದಾಗ ಅವರು ನಗರದ ಪವಿತ್ರ ಹೃದಯ ಪ್ರಧಾನಾಲಯದ ಬಾಗಿಲನ್ನು ಓಡಿಬಂದವರಿಗೆ ತೆರೆದರು. ಸುಮಾರು 10 ಸಾವಿರ ಜನ ಆ ಆವರಣದಲ್ಲಿ ಆಶ್ರಯ ಪಡೆದರು. ಅವರಲ್ಲಿ ಬಹುಪಾಲು ಕಿಕುಯು ಜನ. ತನ್ನ ಸಮುದಾಯದ ಯುವಕರು ಅಟ್ಟಿಸಿಕೊಂಡು ಬಂದವರನ್ನು ಕಾಯುವುದೆಂದರೆ ಸ್ವಂತ ಜನರ ಕಣ್ಣಿಗೆ ದ್ರೋಹಿಯಾಗಿ ಕಾಣುವ ಅಪಾಯವಿತ್ತು. ಕೊರಿರ್ ಆ ಅಪಾಯವನ್ನು ಅರಿತೇ ಹೊತ್ತರು. ಮುಂದೆ ಅವರ ಮಧ್ಯಸ್ಥಿಕೆಗೆ ಎರಡೂ ಕಡೆಯವರು ಕಿವಿಗೊಡಲು ಈ ನಡೆಯೇ ಆಧಾರವಾಯಿತು.

2008ರ ಫೆಬ್ರವರಿ 28ರಂದು ಕೋಫಿ ಅನ್ನಾನ್ ಮಧ್ಯಸ್ಥಿಕೆಯಲ್ಲಿ ನೈರೋಬಿಯಲ್ಲಿ ಒಪ್ಪಂದವಾಯಿತು. ಕಿಬಾಕಿ ಅಧ್ಯಕ್ಷರಾಗಿ ಮುಂದುವರಿದರು, ಒಡಿಂಗಾ ಪ್ರಧಾನಿಯಾದರು. ಆ ವರ್ಷ ಮೇ ತಿಂಗಳಲ್ಲಿ ಸರ್ಕಾರ ನಿರಾಶ್ರಿತರನ್ನು ಊರಿಗೆ ಮರಳಿಸುವ ಕಾರ್ಯಾಚರಣೆ ಆರಂಭಿಸಿತು. ಆದರೆ ಲಾರಿಯಲ್ಲಿ ಕರೆತಂದು ಸುಟ್ಟ ಮನೆಯ ಮುಂದೆ ಇಳಿಸಿದ ಮಾತ್ರಕ್ಕೆ ಊರು ಒಂದಾಗುವುದಿಲ್ಲ. ರಾಜಧಾನಿಯಲ್ಲಿ ನಾಯಕರು ಕೈಕುಲುಕಿದರೂ ಹಳ್ಳಿಯಲ್ಲಿ ಬೇಲಿಯ ಆಚೆಗಿನವನ ಮುಖ ನೋಡಲು ಯಾರೂ ಸಿದ್ಧರಿರಲಿಲ್ಲ. ಧರ್ಮಪ್ರಾಂತದ ನಿಜವಾದ ಕೆಲಸ ಆರಂಭವಾದದ್ದು ಇಲ್ಲಿಂದ.

ಮೆಟ್ಟಿಲು ಮೆಟ್ಟಿಲಾಗಿ ಮಾತುಕತೆ

ಕೊರಿರ್ ತಮ್ಮ ವಿಧಾನವನ್ನು 2009ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅದರ ಹೆಸರು 'ಅಮಾನಿ ಮಶಿನಾನಿ'. ಸ್ವಾಹಿಲಿಯಲ್ಲಿ ಇದರ ಅರ್ಥ ತಳಮಟ್ಟದ ಶಾಂತಿ. 1990ರ ದಶಕದ ಗಲಭೆಗಳು ಮತ್ತು ದನಗಳ್ಳತನದಿಂದ ಹೊತ್ತಿದ ಪೊಕೊಟ್ ಹಾಗೂ ಮರಕ್ವೆಟ್ ಸಮುದಾಯಗಳ ಕಾದಾಟದಲ್ಲಿ ಪಡೆದ ಅನುಭವವೂ ಅದರಲ್ಲಿದೆ.

ಈ ವಿಧಾನದ ಮೊದಲ ಲಕ್ಷಣ ಅವಸರವಿಲ್ಲದಿರುವುದು. ಗಲಭೆ ನಿಂತೊಡನೆ ಎರಡೂ ಕಡೆಯವರನ್ನು ವೇದಿಕೆಗೆ ಕರೆದು ಕೈಕುಲುಕಿಸುವ ಸಭೆಗಳಿಂದ ಪ್ರಯೋಜನವಿಲ್ಲ ಎಂಬುದು ಇದರ ನಿಲುವು. ಆದ್ದರಿಂದ ಮೊದಲು ಪ್ರಭಾವವುಳ್ಳ ಹಿರಿಯರನ್ನು, ಯುವಕರನ್ನು ಒಬ್ಬೊಬ್ಬರಾಗಿ ಭೇಟಿ ಮಾಡಲಾಗುತ್ತದೆ. ನಂತರ ಪ್ರತಿ ಸಮುದಾಯದ ಚಿಕ್ಕ ಗುಂಪುಗಳ ಪ್ರತ್ಯೇಕ ಸಭೆ. ಅಲ್ಲಿ ಜನ ತಮ್ಮ ಸಿಟ್ಟು, ದುಃಖಗಳನ್ನು ತಮ್ಮವರ ನಡುವೆ ಮುಚ್ಚುಮರೆಯಿಲ್ಲದೆ ಹೊರಹಾಕುತ್ತಾರೆ.

ಇದಾದ ಮೇಲೆ ಎರಡೂ ಕಡೆಯ ಕೆಲವೇ ಪ್ರತಿನಿಧಿಗಳು ಮುಖಾಮುಖಿಯಾಗುತ್ತಾರೆ. ಆರೋಪ, ಪ್ರತ್ಯಾರೋಪಗಳು ನಡೆಯುತ್ತವೆ. ನಂತರ ಒಟ್ಟಿಗೆ ಊಟ. ಇದು ಕೇವಲ ಉಪಚಾರವಲ್ಲ. ವೈರಿಯ ಜೊತೆ ಉಣ್ಣಲಾಗದು ಎಂಬ ಭಾವನೆ ಗಾಢವಾಗಿರುವಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ತುತ್ತು ಎತ್ತುವುದೇ ಒಂದು ನಿರ್ಧಾರ. ಊಟದ ನಂತರ ನಡೆದ ಘಟನೆಗಳನ್ನು ಉಭಯರೂ ಒಪ್ಪುವಂತೆ ಹೇಳಿಕೊಳ್ಳುವುದು, ಮುಂದಿನ ಮಾತುಕತೆಯ ವಿಷಯಪಟ್ಟಿ ಸಿದ್ಧಪಡಿಸುವುದು, ಅದನ್ನು ತಂತಮ್ಮ ಹಳ್ಳಿಗಳಿಗೆ ಒಯ್ದು ವರದಿ ಮಾಡುವುದು ಕ್ರಮವಾಗಿ ನಡೆಯುತ್ತವೆ. ಹಳ್ಳಿಗಳು ಒಪ್ಪಿದ ಮೇಲಷ್ಟೇ ದೊಡ್ಡ ಸಭೆ ಮತ್ತು ಉಭಯರೂ ಪಾಲಿಸಬೇಕಾದ ಕರಾರು.

ಕೂಡಿಸುವ ಕೆಲಸಗಳು

ಈ ವಿಧಾನದ ಎರಡನೆಯ ಲಕ್ಷಣ ಇನ್ನೂ ಮುಖ್ಯ. ಮಾತಿನಿಂದ ಬಂದ ಶಾಂತಿ ಮಾತಿನಲ್ಲೇ ಉಳಿದರೆ ಮುಂದಿನ ಚುನಾವಣೆಯವರೆಗೂ ಬಾಳುವುದಿಲ್ಲ. ಆದ್ದರಿಂದ ಇಬ್ಬರಿಗೂ ಬೇಕಾದ, ಇಬ್ಬರೂ ಕೂಡಿಯೇ ಮಾಡಬೇಕಾದ ಕಾಮಗಾರಿಗಳನ್ನು ಆರಿಸಿಕೊಳ್ಳಲಾಯಿತು. ಎರಡು ಸಮುದಾಯಗಳ ವಸತಿಗಳನ್ನು ಸೇರಿಸುವ ರಸ್ತೆ, ಹಳ್ಳಕ್ಕೆ ಸೇತುವೆ, ಉಭಯರ ಮಕ್ಕಳೂ ಓದುವ ಶಾಲೆ, ದನಗಳ ಮೈಯ ಉಣ್ಣೆ ನಿವಾರಿಸುವ ಔಷಧದ ತೊಟ್ಟಿ ಇಂಥವು. ಸುಟ್ಟ ಮನೆಗಳ ಪುನರ್ನಿರ್ಮಾಣದಲ್ಲಿಯೂ ಎರಡೂ ಕಡೆಯ ಯುವಕರನ್ನು ತೊಡಗಿಸಲಾಯಿತು. ಕಥೋಲಿಕ ಪರಿಹಾರ ಸಂಸ್ಥೆಗಳು ನೆರವು ನೀಡಿದವು.

ಇದರ ಹಿಂದಿನ ತರ್ಕ ಸರಳ. ಕೂಡಿ ಕಟ್ಟಿದ್ದನ್ನು ಕೆಡಹುವುದು ಕಷ್ಟ. ದನಗಳ ತೊಟ್ಟಿ ಮುರಿದರೆ ತನ್ನ ದನವೂ ಸಾಯುತ್ತದೆ, ಶಾಲೆ ಸುಟ್ಟರೆ ತನ್ನ ಮಗುವೂ ಓದು ಬಿಡುತ್ತದೆ. ಶಾಂತಿ ಉಪದೇಶದ ವಸ್ತುವಾಗಿ ಉಳಿಯದೆ ದಿನನಿತ್ಯದ ಲಾಭನಷ್ಟದ ಲೆಕ್ಕದೊಳಗೆ ಬಂದಿತು. ಧರ್ಮಕೇಂದ್ರಗಳಿಗೂ ಪ್ರಾರ್ಥನೆಯಾಚೆಗೆ ಹೊಸದೊಂದು ಗುರಿ ದೊರೆಯಿತು. ಯಾರು ಯಾರಿಗೆ ಮತ ಹಾಕಿದರೆಂಬ ಪ್ರಶ್ನೆಗೆ ಉತ್ತರ ಬದಲಾಗಬೇಕಾಗಿರಲಿಲ್ಲ. ಆ ಪ್ರಶ್ನೆಗಿಂತ ದೊಡ್ಡದಾದ ಕೆಲಸವೊಂದು ಎಲ್ಲರ ಮುಂದಿತ್ತು.

ಮಿತಿಗಳೂ ಉಂಟು

ಇಷ್ಟರಿಂದಲೇ ರಿಫ್ಟ್ ಕಣಿವೆ ಶಾಂತವಾಯಿತು ಎಂದರೆ ಅತಿಶಯೋಕ್ತಿಯಾದೀತು. 2013ರ ಚುನಾವಣೆ ಅಲ್ಲಿ ಬಹುಮಟ್ಟಿಗೆ ಶಾಂತವಾಗಿ ನಡೆಯಲು ರಾಜಕೀಯ ಕಾರಣವೂ ಇತ್ತು. ಕಿಕುಯು ಸಮುದಾಯದ ಉಹುರು ಕೆನ್ಯಾಟಾ ಮತ್ತು ಕಲೆಂಜಿನ್ ಸಮುದಾಯದ ವಿಲಿಯಂ ರುಟೊ ಆ ಬಾರಿ ಒಂದಾಗಿ ಸ್ಪರ್ಧಿಸಿ ಗೆದ್ದರು. 2008ರ ಹಿಂಸೆಗೆ ಸಂಬಂಧಿಸಿ ಇಬ್ಬರ ಮೇಲೂ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದಲ್ಲಿ ಪ್ರಕರಣಗಳಿದ್ದವು. ಕೆನ್ಯಾಟಾ ವಿರುದ್ಧದ ಆರೋಪಗಳನ್ನು 2014ರಲ್ಲಿ ಹಿಂಪಡೆಯಲಾಯಿತು, ರುಟೊ ವಿರುದ್ಧದ ಪ್ರಕರಣ 2016ರಲ್ಲಿ ಕೊನೆಗೊಂಡಿತು. ಕಿಯಾಂಬಾದಂಥ ಕಡೆ ಆಪ್ತರನ್ನು ಕಳೆದುಕೊಂಡವರಿಗೆ ನ್ಯಾಯಾಲಯದಿಂದ ಉತ್ತರ ಸಿಗಲಿಲ್ಲ. ಭೂಮಿಯ ಮೂಲ ತಕರಾರೂ ಪೂರ್ಣವಾಗಿ ಬಗೆಹರಿದಿಲ್ಲ. ನೆರೆಹೊರೆಯ ಸಂಧಾನ ನ್ಯಾಯಕ್ಕೆ ಪರ್ಯಾಯವಲ್ಲ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಕೊರಿರ್ 2017ರ ಅಕ್ಟೋಬರ್ 30ರಂದು ನಿಧನರಾದರು. ಆ ವರ್ಷದ ಅಧ್ಯಕ್ಷೀಯ ಚುನಾವಣೆಯನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿ, ಮರುಚುನಾವಣೆ ನಡೆದು, ಅದರ ಫಲಿತಾಂಶ ಘೋಷಣೆಯಾದದ್ದೂ ಅದೇ ದಿನ. ಹತ್ತು ವರ್ಷಗಳ ಹಿಂದೆ ಓಡಿಬಂದವರಿಗೆ ತಾವು ಬಾಗಿಲು ತೆರೆದಿದ್ದ ಪ್ರಧಾನಾಲಯದಲ್ಲಿಯೇ ಅವರನ್ನು ಸಮಾಧಿ ಮಾಡಲಾಯಿತು.

ಮುಂದಿನ ಪರೀಕ್ಷೆ

ಅಂದಿನ ಎದುರಾಳಿಗಳಲ್ಲಿ ಕಿಬಾಕಿ 2022ರಲ್ಲಿ ತೀರಿಕೊಂಡರು. ಒಡಿಂಗಾ ಚಿಕಿತ್ಸೆಗೆಂದು ಭಾರತಕ್ಕೆ ಬಂದಿದ್ದಾಗ 2025ರ ಅಕ್ಟೋಬರ್ 15ರಂದು ಕೇರಳದಲ್ಲಿ ನಿಧನರಾದರು. 2022ರಲ್ಲಿ ಅಧ್ಯಕ್ಷರಾದ ರುಟೊ ಮತ್ತು ಅವರ ಕಿಕುಯು ಉಪಾಧ್ಯಕ್ಷ ರಿಗಾಥಿ ಗಚಾಗುವಾ ನಡುವೆ ಬಿರುಕು ಮೂಡಿ, 2024ರ ಅಕ್ಟೋಬರ್‌ನಲ್ಲಿ ಗಚಾಗುವಾ ಪದಚ್ಯುತರಾದರು. ಮೇಲ್ಮಟ್ಟದ ಮೈತ್ರಿ ಎಷ್ಟು ದುರ್ಬಲ ಎಂಬುದಕ್ಕೆ ಇದೇ ಸಾಕ್ಷಿ. ಮುಂದಿನ ಸಾರ್ವತ್ರಿಕ ಚುನಾವಣೆ ನಿಗದಿಯಾಗಿರುವುದು 2027ರ ಆಗಸ್ಟ್‌ಗೆ.

ನಾಯಕರ ಒಪ್ಪಂದಗಳು ಮುರಿದಾಗ ಊರಿನ ಒಪ್ಪಂದ ನಿಲ್ಲುತ್ತದೆಯೇ ಎಂಬುದು ಎಲ್ಡೊರೆಟ್‌ನ ಧರ್ಮಕೇಂದ್ರಗಳ ಮುಂದಿರುವ ಪ್ರಶ್ನೆ. ಚುನಾವಣೆ ಐದು ವರ್ಷಕ್ಕೊಮ್ಮೆ ಬರುತ್ತದೆ. ದನಗಳನ್ನು ತೊಟ್ಟಿಗೆ ಹೊಡೆದುಕೊಂಡು ಹೋಗುವುದು, ಮಕ್ಕಳನ್ನು ಶಾಲೆಗೆ ಕಳುಹಿಸುವುದು ನಿತ್ಯದ ಕೆಲಸ. ಅಲ್ಲಿನ ಜನ ಕಟ್ಟಿಕೊಂಡ ಒಗ್ಗಟ್ಟು ನಿಂತಿರುವುದು ಈ ನಿತ್ಯದ ಕೆಲಸಗಳ ಮೇಲೆ.